ಮೂಡಬಿದಿರೆಯ ಸಿದ್ಧಾಂತಗ್ರಂಥಗಳು: ಗುಪ್ತಿಯೂ ಪ್ರಕಾಶವೂ

೧

ನಂಬಿ ಒಪ್ಪಿಸಿದ ವಿಷಯವನ್ನು ಕಾರ್ಯಸ್ಥಾನದಿಂದ ಹೊರಗೆಡಹದೆ ಕಾಪಾಡುವುದು ಎಷ್ಟರಮಟ್ಟಿಗೆ ಧರ್ಮವೆಂಬುದೂ, ಯಾವ ಎಲ್ಲೆಯನ್ನು ಮೀರಿದರೆ ಆ ಕಾಪೇ ಲೋಕಕ್ಕೆ ಹಾನಿಯಾಗುವುದೆಂಬುದೂ ಹಳೆಯ ಪ್ರಶ್ನೆಗಳು. ಇವುಗಳ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಅರಸರ ಆಸ್ಥಾನಗಳನ್ನೇ ಮೊದಲು ನೋಡುವರು. ಅದು ಸಹಜವೇ ಸರಿ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮಂತ್ರಾಧಿಕಾರವೆಂಬ ಒಂದು ಪ್ರಕರಣವೇ ಉಂಟು. ಮಂತ್ರಾಲೋಚನೆಯ ಸ್ಥಳವು ಹಕ್ಕಿಗಳ ಕಣ್ಣಿಗೂ ಬೀಳದಂತಿರಬೇಕೆಂದೂ, ಗಿಣಿ ಗೊರವಂಕಗಳಿಂದ ಸಹ ರಹಸ್ಯವು ಹೊರಬಿದ್ದ ವಾರ್ತೆಯುಂಟೆಂದೂ, ಎಚ್ಚರಗೇಡಿತನ, ಮದ, ನಿದ್ದೆಯ ಕನವರಿಕೆ, ಕಾಮ ಮೊದಲಾದವು ಮಂತ್ರಭೇದಕ್ಕೆ ಕಾರಣಗಳೆಂದೂ ಅಲ್ಲಿ ಹೇಳಿದೆ. ಇಷ್ಟು ಕಟ್ಟೆಚ್ಚರವನ್ನು ಉಪದೇಶಿಸುವ ಆ ಗ್ರಂಥವೇ ಬಹುಕಾಲ ಲೋಕದ ಕಣ್ಣಿಗೆ ಮರೆಯಾಗಿದ್ದು, ಕೊನೆಗೆ ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರವನ್ನು ಸೇರಿ, ಅಲ್ಲಿಂದ ೧೯೦೯ರಲ್ಲಿ ಆರ್. ಶಾಮಶಾಸ್ತ್ರಿಗಳ ಪರಿಶ್ರಮದಿಂದ ಅಚ್ಚಾಗಿ ಹೊರಬಂದಿತೆಂಬುದು ವಾಚಕರಿಗೆ ವಿದಿತವೇ ಆಗಿದೆ.

ಕನ್ನಡನಾಡಿನ ಅರಸರೂ ಈ ವಿಷಯದಲ್ಲಿ ಉದಾಸೀನರಾಗಿರಲಿಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಕ್ರಿ. ಶ. ೧೧೨೯ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ ಮಂತ್ರಿಗಳ ಲಕ್ಷಣವೂ ರಾಜ್ಯಾಂಗಗಳ ವಿಚಾರವೂ ಬಂದಿವೆ. ಕನ್ನಡ ಪಂಚತಂತ್ರದ ಕರ್ತೃವಾದ ದುರ್ಗಸಿಂಹನು ಅದೇ ವಂಶದ ಜಯಸಿಂಹನಲ್ಲಿ ಸಂಧಿವಿಗ್ರಹಿಯಾಗಿದ್ದನು. ಸಂಧಿಯೋ ವಿಗ್ರಹವೋ ಎಂಬುದು ಹೊರಗೆ ತಿಳಿಯುವ ಮುನ್ನ ತಿಳಿಯುತ್ತಿದ್ದುದು ಇಂತಹ ಅಧಿಕಾರಿಗೇ. ಈ ಬಗೆಯ ಗೋಪ್ಯದಲ್ಲಿ ಹೆಚ್ಚಿನ ಸಂದೇಹಕ್ಕೆ ಎಡೆಯಿಲ್ಲ. ಇಲ್ಲಿ ಶತ್ರುವೊಬ್ಬನಿರುವನು, ಕಾಯಬೇಕಾದ ಕಾಲಕ್ಕೆ ಮಿತಿಯೊಂದಿರುವುದು. ದಂಡು ಹೊರಟ ಮೇಲೆ ಮಂತ್ರವು ಮಂತ್ರವಾಗಿ ಉಳಿಯುವುದಿಲ್ಲ.

ಆದರೆ ಕಾಯುವ ವಸ್ತುವು ರಾಜಕಾರ್ಯವಾಗಿರದೆ ವಿದ್ಯೆಯೇ ಆಗಿದ್ದು, ಕಾಯುವುದಕ್ಕೆ ಕಾಲಮಿತಿಯೂ ಇಲ್ಲದೆ, ಕಾಯುವವರಿಗೇ ಅದನ್ನು ಓದಲು ಬಾರದೆ ಹೋದರೆ ಆಗೇನು? ಅದನ್ನು ಪ್ರತಿಮಾಡುವ ಕೆಲಸಕ್ಕೆ ನೇಮಕವಾದ ಲಿಪಿಕಾರನು ಒಪ್ಪಂದವನ್ನು ಮೀರಿ ಒಂದು ಪ್ರತಿಯನ್ನು ಗುಟ್ಟಾಗಿ ತನ್ನ ಮನೆಗೆ ಸಾಗಿಸಿದರೆ ಅವನನ್ನು ಏನೆಂದು ಕರೆಯಬೇಕು? ಇಂತಹ ಪ್ರಸಂಗವೊಂದು ನಮ್ಮ ತುಳುನಾಡಿನಲ್ಲಿಯೇ, ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ನಡೆಯಿತು. ಅದನ್ನು ಕ್ರಮವಾಗಿ ನಿರೂಪಿಸಿ, ಅದರಿಂದ ತಿಳಿಯಬಹುದಾದುದನ್ನು ವಿಚಾರಮಾಡುವುದೇ ಪ್ರಕೃತ ಲೇಖನದ ಉದ್ದೇಶ.

೨

ಕುದುರೆಮುಖದ ಕಡೆಯಿಂದ ಘಟ್ಟವಿಳಿದು ಮಾಳದ ಮಾರ್ಗವಾಗಿ ಬರುವವನಿಗೆ ಬಯಲು ಸೀಮೆಯ ಬಾಗಿಲಿನಂತೆ ಮೊದಲು ದೊರೆಯುವ ಪೇಟೆ ಬಜಗೋಳಿ. ಅಲ್ಲಿಂದ ಪಶ್ಚಿಮಕ್ಕೆ ಕಾರ್ಕಳ, ಆಗ್ನೇಯಕ್ಕೆ ನಾರಾವಿ, ನೈಋತ್ಯಕ್ಕೆ ಮೂಡಬಿದಿರೆ. ಘಟ್ಟದ ಮೇಲೆ ಕಳಸದಲ್ಲಿಯೂ ಕೆಳಗೆ ಕಾರ್ಕಳದಲ್ಲಿಯೂ ನೆಲೆಯೂರಿ ಆಳಿದ ಭೈರರಸರ ರಾಜ್ಯದ ಎರಡು ಭಾಗಗಳ ನಡುವೆ ಈ ಸೀಮೆಯಿದೆ. ೧೪೩೨ರಲ್ಲಿ ಕಾರ್ಕಳದ ಗೊಮ್ಮಟನನ್ನು ನಿಲ್ಲಿಸಿದವರೂ, ೧೫೮೬ರಲ್ಲಿ ಚತುರ್ಮುಖ ಬಸದಿಯನ್ನು ಕಟ್ಟಿಸಿದವರೂ ಈ ವಂಶದ ಅರಸರೇ. ಬಜಗೋಳಿಯ ಸುತ್ತಣ ಊರುಗಳ ಜೈನ ಮನೆತನಗಳವರಿಗೂ, ಬಸದಿಗಳಲ್ಲಿ ಪೂಜೆಮಾಡುವ ಇಂದ್ರರಿಗೂ ಮೂಡಬಿದಿರೆಯ ಸಿದ್ಧಾಂತದರ್ಶನವೆಂದರೆ ತೀರ್ಥಯಾತ್ರೆಯ ಫಲವೇ ಆಗಿತ್ತು. ದರ್ಶನವೆಂಬ ಮಾತನ್ನು ಇಲ್ಲಿ ಅಕ್ಷರಶಃ ತಿಳಿಯಬೇಕು. ರತ್ನದ ಪ್ರತಿಮೆಗಳನ್ನು ನೋಡುವಂತೆಯೇ ಓಲೆಯ ಕಟ್ಟುಗಳನ್ನೂ ದೂರದಿಂದ ನೋಡಿ ಕೈಮುಗಿಯುತ್ತಿದ್ದರು. ಬಿಚ್ಚಿ ಓದುವ ರೂಢಿಯಿರಲಿಲ್ಲ.

ಆ ಕಟ್ಟುಗಳು ಯಾವುವೆಂಬುದನ್ನು ಸಂಕ್ಷೇಪವಾಗಿ ತಿಳಿಸುವುದು ಅವಶ್ಯಕ. ಜೈನರ ಸಂಪ್ರದಾಯದಂತೆ, ಪೂರ್ವಶ್ರುತಜ್ಞಾನವು ನಶಿಸಿಹೋಗುತ್ತಿರುವುದನ್ನು ಕಂಡು ಗಿರಿನಗರದಲ್ಲಿದ್ದ ಧರಸೇನಾಚಾರ್ಯರು ಪುಷ್ಪದಂತ ಮತ್ತು ಭೂತಬಲಿಗಳೆಂಬ ಇಬ್ಬರು ಮುನಿಗಳನ್ನು ಬರಮಾಡಿಕೊಂಡು ತಾವು ಬಲ್ಲುದನ್ನು ಅವರಿಗೆ ಕಲಿಸಿದರು. ಪುಷ್ಪದಂತರು ವನವಾಸದೇಶಕ್ಕೆ, ಎಂದರೆ ನಮ್ಮ ಬನವಾಸಿಯ ನಾಡಿಗೆ ಬಂದು ಸತ್ಪ್ರರೂಪಣೆಯ ೧೭೭ ಸೂತ್ರಗಳನ್ನು ರಚಿಸಿದರು. ಉಳಿದ ಭಾಗವನ್ನು ಭೂತಬಲಿಗಳು ಪೂರ್ಣಗೊಳಿಸಿದರು. ಇದೇ ಷಟ್ಖಂಡಾಗಮ. ಇದು ಲಿಪಿಗೇರಿದ ತಿಥಿಯೆಂದು ಜ್ಯೇಷ್ಠ ಶುದ್ಧ ಪಂಚಮಿಯನ್ನು ಶ್ರುತಪಂಚಮಿಯಾಗಿ ಈಗಲೂ ಆಚರಿಸುವರು. ಇದರ ಮೇಲೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆಯು ಕ್ರಿ. ಶ. ೮೧೬ರಲ್ಲಿ ಮುಗಿಯಿತೆಂದು ಅದರ ಸಂಪಾದಕರು ನಿರ್ಣಯಿಸಿದ್ದಾರೆ. ಕಷಾಯಪ್ರಾಭೃತದ ಮೇಲೆ ವೀರಸೇನರು ಆರಂಭಿಸಿದ ಜಯಧವಲಾ ಟೀಕೆಯನ್ನು ಅವರ ಶಿಷ್ಯ ಜಿನಸೇನರು ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಶಕ ೭೫೯ರಲ್ಲಿ, ಎಂದರೆ ಕ್ರಿ. ಶ. ೮೩೭ರಲ್ಲಿ ಪೂರೈಸಿದರು. ಷಟ್ಖಂಡಾಗಮದ ಆರನೆಯ ಖಂಡವಾದ ಮಹಾಬಂಧವು ಮಹಾಧವಲವೆಂದು ಪ್ರಸಿದ್ಧವಾಯಿತು. ಧವಲಾ ೭೨,೦೦೦ ಗ್ರಂಥಗಳಷ್ಟು, ಜಯಧವಲಾ ೬೦,೦೦೦ ಗ್ರಂಥಗಳಷ್ಟು ಎಂಬುದು ಪರಂಪರೆಯ ಎಣಿಕೆ. ಮೂವತ್ತೆರಡು ಅಕ್ಷರಗಳಿಗೆ ಒಂದು ಗ್ರಂಥ.

ಭಾಷೆ ಪ್ರಾಕೃತ ಮತ್ತು ಸಂಸ್ಕೃತ. ಲಿಪಿ ಮಾತ್ರ ಹಳೆಗನ್ನಡ. ಉತ್ತರದೇಶದಲ್ಲಿ ಎಲ್ಲಿಯೂ ದೊರೆಯದ ಈ ಗ್ರಂಥಗಳು ನಮ್ಮ ಲಿಪಿಯ ಓಲೆಗಳಲ್ಲಿ, ಮೂಡಬಿದಿರೆಯೊಂದರಲ್ಲಿ ಮಾತ್ರ ಉಳಿದಿದ್ದುವು. ಹೀಗೆ ಉಳಿಯುವುದಕ್ಕೆ ಕಾರಣರಾದವರಲ್ಲಿ ಸ್ತ್ರೀಯರೂ ಇದ್ದರೆಂಬುದು ಗಮನಾರ್ಹವಾದುದು. ಮಲ್ಲಿಕಬ್ಬೆಯೆಂಬ ರಾಣಿಯು ಪಂಚಮೀವ್ರತದ ಉದ್ಯಾಪನೆಗಾಗಿ ಮಹಾಬಂಧದ ಪ್ರತಿಯನ್ನು ಬರೆಯಿಸಿ ಮಾಘನಂದಿ ಮುನಿಗಳಿಗೆ ದಾನಮಾಡಿದಳೆಂದು ಆ ಓಲೆಗಳ ಪ್ರಶಸ್ತಿಯಿಂದಲೇ ತಿಳಿದುಬರುತ್ತದೆ.

೩

ಇಲ್ಲಿ ಒಂದು ಆಶಂಕೆಯು ಹುಟ್ಟುವುದು. ಶಾಸ್ತ್ರದಾನವನ್ನು ಚತುರ್ವಿಧ ದಾನಗಳಲ್ಲಿ ಒಂದೆಂದು ಹೊಗಳುವ ಮತದಲ್ಲಿಯೇ ಶಾಸ್ತ್ರವನ್ನು ಬೀಗದೊಳಗಿಡುವ ವಾಡಿಕೆ ಹೇಗೆ ಬಂದಿತು? ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ದಾನಚಿಂತಾಮಣಿ ಅತ್ತಿಮಬ್ಬೆಯು ಹುಟ್ಟಿದ ನಾಡು ಇದು. ಆದರೆ ಪುರಾಣಕ್ಕೂ ಸಿದ್ಧಾಂತಕ್ಕೂ ಭೇದವನ್ನು ಎಣಿಸುತ್ತಿದ್ದರೆಂಬುದನ್ನು ಮರೆಯಬಾರದು. ಸಿದ್ಧಾಂತರಹಸ್ಯದ ಅಧ್ಯಯನಕ್ಕೆ ಗೃಹಸ್ಥನು ಅಧಿಕಾರಿಯಲ್ಲವೆಂಬ ಅಭಿಪ್ರಾಯವು ಮಧ್ಯಕಾಲದ ಶ್ರಾವಕಾಚಾರಗಳಲ್ಲಿ ಕಾಣುತ್ತದೆ. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಸಿದ್ಧಾಂತವನ್ನು ಓದುತ್ತಿರಲು ಚಾವುಂಡರಾಯನು ಬಂದನೆಂದೂ, ಅವರು ಓದನ್ನು ನಿಲ್ಲಿಸಿ ಗ್ರಂಥವನ್ನು ಕಟ್ಟಿಟ್ಟರೆಂದೂ, ಅವನು ಕಾರಣವನ್ನು ಕೇಳಲಾಗಿ ಅವನಿಗೋಸ್ಕರ ಗೊಮ್ಮಟಸಾರವನ್ನು ಸಂಗ್ರಹಿಸಿ ಕೊಟ್ಟರೆಂದೂ ಒಂದು ಐತಿಹ್ಯವುಂಟು. ಅದರ ಐತಿಹಾಸಿಕತೆ ಹೇಗಾದರೂ ಇರಲಿ, ಒಳಗಿನ ನೀತಿಯು ಸ್ಪಷ್ಟವಾಗಿದೆ. ಆಚಾರ್ಯರು ಬಾಗಿಲನ್ನು ಮುಚ್ಚಿದರು. ಮುಚ್ಚಿ ಸುಮ್ಮನಾಗಲಿಲ್ಲ, ಯೋಗ್ಯನಾದ ಜಿಜ್ಞಾಸುವಿಗೆ ಮತ್ತೊಂದು ಬಾಗಿಲನ್ನು ತಾವೇ ತೆರೆದರು. ಆ ಬಾಗಿಲಿನಿಂದ ಒಳಹೊಕ್ಕವರಲ್ಲಿ ಒಬ್ಬನಾದ ಕೇಶವಣ್ಣನು ಕ್ರಿ. ಶ. ೧೩೫೯ರಲ್ಲಿ ಗೊಮ್ಮಟಸಾರಕ್ಕೆ ಕನ್ನಡದಲ್ಲಿಯೇ ವೃತ್ತಿಯನ್ನು ಬರೆದನು.

ಗುಪ್ತಿಯೆಂಬ ಶಬ್ದವನ್ನು ಇಲ್ಲಿ ಸ್ವಲ್ಪ ಪರಿಶೀಲಿಸಬಹುದು. ಗುಪ್ ಎಂಬ ಧಾತುವಿಗೆ ಮೂಲಾರ್ಥವು ರಕ್ಷಣೆ. ರಕ್ಷಿಸಲ್ಪಟ್ಟುದೇ ಗುಪ್ತ, ಮರೆಯಾದುದು, ಮುಚ್ಚಿಟ್ಟುದು ಎಂಬ ಅರ್ಥವು ಅದರ ಬೆನ್ನಿಗೆ ಬಂದುದು. ಮನೋಗುಪ್ತಿ, ವಾಗ್ಗುಪ್ತಿ, ಕಾಯಗುಪ್ತಿಗಳೆಂದು ಜೈನಶಾಸ್ತ್ರವು ಮೂರು ಗುಪ್ತಿಗಳನ್ನು ಹೇಳುವಾಗಲೂ ಆತ್ಮರಕ್ಷಣೆಗಾಗಿ ಮಾಡುವ ನಿಗ್ರಹವೆಂಬುದೇ ಅಭಿಪ್ರಾಯ. ರಕ್ಷಣೆಗಾಗಿ ಮುಚ್ಚುವುದು ಒಂದು. ಮುಚ್ಚುವುದನ್ನೇ ರಕ್ಷಣೆಯೆಂದು ಭ್ರಮಿಸುವುದು ಮತ್ತೊಂದು. ಓಲೆಗರಿಯ ವಿಷಯದಲ್ಲಿ ಈ ಭೇದವು ಪ್ರಾಣದಷ್ಟು ಮುಖ್ಯವಾದುದು. ಕಲ್ಲಿನ ಶಾಸನವನ್ನು ಮುಚ್ಚಿಟ್ಟರೆ ಅದು ಮುಚ್ಚಿದಂತೆಯೇ ಇರುವುದು. ಓಲೆಯಾದರೋ, ನಮ್ಮ ಕರಾವಳಿಯ ಮಳೆಗಾಲದ ತೇವಕ್ಕೂ ಹುಳುವಿಗೂ ಸಿಕ್ಕಿ ವರ್ಷವರ್ಷಕ್ಕೆ ಕರಗುತ್ತದೆ. ಎಣ್ಣೆಯಿಂದ, ನೀರಿನಿಂದ, ಸಡಿಲವಾದ ಕಟ್ಟಿನಿಂದ, ಮೂರ್ಖನ ಕೈಯಿಂದ ತನ್ನನ್ನು ಕಾಪಾಡಬೇಕೆಂದು ಪುಸ್ತಕವೇ ಬೇಡಿಕೊಳ್ಳುವಂತೆ ಹಳೆಯ ಲಿಪಿಕಾರರು ಗ್ರಂಥಾಂತ್ಯದಲ್ಲಿ ಬರೆಯುತ್ತಿದ್ದುದು ಸುಪ್ರಸಿದ್ಧವಾಗಿದೆ. ಆ ಬೇಡಿಕೆಯಲ್ಲಿ ಪರಹಸ್ತದ ಭಯವೂ ಇದೆ, ಅಲಕ್ಷ್ಯದ ಭಯವೂ ಇದೆ. ಮೂಡಬಿದಿರೆಯವರು ಮೊದಲನೆಯದನ್ನು ಚೆನ್ನಾಗಿ ಅರಿತಿದ್ದರು. ಎರಡನೆಯದನ್ನು ನೆನಪಿಗೆ ತಂದವರು ದೂರದ ಯಾತ್ರಿಕರು.

೪

೧೮೮೩ರಲ್ಲಿ ಮುಂಬಯಿಯ ಪ್ರಸಿದ್ಧ ವರ್ತಕರಾದ ಸೇಠ್ ಮಾಣಿಕಚಂದರು ಸಂಘದೊಡನೆ ಮೂಡಬಿದಿರೆಯ ಯಾತ್ರೆಗೆ ಬಂದರು. ರತ್ನಪ್ರತಿಮೆಗಳ ಜೊತೆಗೆ ಓಲೆಯ ಕಟ್ಟುಗಳ ದರ್ಶನವೂ ಆಯಿತು. ಅವು ಜೀರ್ಣವಾಗುತ್ತಿರುವುದನ್ನು ನೋಡಿ, ಇವುಗಳನ್ನು ಓದಬಲ್ಲವರು ಯಾರೆಂದು ಅವರು ವಿಚಾರಿಸಿದರು. ಓದುವವರು ಅಲ್ಲಿ ಇರಲಿಲ್ಲ. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳು ಬಲ್ಲರೆಂಬ ಉತ್ತರವು ದೊರೆಯಿತು. ಊರಿಗೆ ಮರಳಿದ ಮೇಲೆ ಮಾಣಿಕಚಂದರು ಸೋಲಾಪುರದ ತಮ್ಮ ಮಿತ್ರರಾದ ಸೇಠ್ ಹಿರಾಚಂದ ನೇಮಚಂದರಿಗೆ ಈ ಸಂಗತಿಯನ್ನು ತಿಳಿಸಿದರು. ಹಿರಾಚಂದರು ಬ್ರಹ್ಮಸೂರಿ ಶಾಸ್ತ್ರಿಗಳನ್ನು ಕರೆದುಕೊಂಡು ಮೂಡಬಿದಿರೆಗೆ ಬಂದರು. ಅಂದು ಶಾಸ್ತ್ರಿಗಳು ಕಟ್ಟನ್ನು ಬಿಚ್ಚಿ ಮಂಗಲಾಚರಣೆಯನ್ನು ಓದಿ ಕೇಳಿಸಿದರು. ತಲೆಮಾರುಗಳಿಂದ ನೋಟಕ್ಕೆ ಮಾತ್ರ ವಿಷಯವಾಗಿದ್ದುದು ಅಂದು ಕಿವಿಗೆ ಬಿದ್ದಿತು.

ಪ್ರತಿಮಾಡಿಸಬೇಕೆಂಬ ಸಂಕಲ್ಪವು ಅಂದೇ ಹುಟ್ಟಿದರೂ ಕಾರ್ಯವು ಕೈಗೂಡಲು ವರ್ಷಗಳೇ ಹಿಡಿದುವು. ನಡುವೆ ಅಜಮೇರದ ಸೇಠ್ ಮೂಲಚಂದ ಸೋನಿಯವರು ಪ್ರಯತ್ನಪಟ್ಟರು. ಅದು ಸ್ವಲ್ಪ ದೂರ ಸಾಗಿ ನಿಂತುಹೋಯಿತು. ಕೊನೆಗೆ ಹಿರಾಚಂದರು ಚಂದಾ ಕೂಡಿಸಿ, ೧೮೯೬ರಲ್ಲಿ ಬ್ರಹ್ಮಸೂರಿ ಶಾಸ್ತ್ರಿಗಳನ್ನೂ, ಅವರ ಸಹಾಯಕ್ಕೆ ಮಿರಜದ ಗಜಪತಿ ಉಪಾಧ್ಯಾಯರನ್ನೂ ನೇಮಿಸಿ ಕೆಲಸವನ್ನು ಆರಂಭಿಸಿದರು. ಬ್ರಹ್ಮಸೂರಿ ಶಾಸ್ತ್ರಿಗಳು ಅನತಿಕಾಲದಲ್ಲಿಯೇ ತೀರಿಕೊಂಡುದರಿಂದ ಭಾರವೆಲ್ಲವೂ ಗಜಪತಿ ಉಪಾಧ್ಯಾಯರ ಮೇಲೆ ಬಿದ್ದಿತು. ಅವರು ಸುಮಾರು ಹದಿನಾರು ವರ್ಷ ದುಡಿದು ಧವಲಾ ಜಯಧವಲಾಗಳನ್ನು ನಾಗರೀಲಿಪಿಯಲ್ಲಿ ಪ್ರತಿಮಾಡಿದರು. ಅದೇ ಕಾಲದಲ್ಲಿ ಸ್ಥಳೀಯರಾದ ದೇವರಾಜ ಸೆಟ್ಟಿ, ಶಾಂತಪ್ಪ ಉಪಾಧ್ಯಾಯ, ಬ್ರಹ್ಮಯ್ಯ ಇಂದ್ರ ಇವರಿಂದ ಹೊಸಗನ್ನಡ ಲಿಪಿಯ ಪ್ರತಿಯೂ ಆಯಿತು. ಮಹಾಧವಲದ ಪ್ರತಿಯೂ ಸೇರಿ ಕಾರ್ಯವೆಲ್ಲವೂ ೧೯೨೨ರಲ್ಲಿ ಮುಗಿದಾಗ ಇಪ್ಪತ್ತಾರು ವರ್ಷಗಳು ಕಳೆದಿದ್ದುವು. ಸುಮಾರು ೨೦,೦೦೦ ರೂಪಾಯಿ ವೆಚ್ಚವಾಗಿತ್ತು.

ಇಷ್ಟಕ್ಕೂ ಒಂದು ನಿಬಂಧನೆಯಿತ್ತು. ಪ್ರತಿಗಳು ಮೂಡಬಿದಿರೆಯಿಂದ ಹೊರಗೆ ಹೋಗಕೂಡದು. ಭಟ್ಟಾರಕರಿಗೂ ಪಂಚರಿಗೂ ಹಿರಾಚಂದರು ಹಾಗೆಂದು ವಚನವಿತ್ತಿದ್ದರು. ಬೇರೆ ಬೇರೆ ಊರುಗಳಲ್ಲಿ ಒಂದೊಂದು ಪ್ರತಿಯನ್ನಿಡಬೇಕೆಂಬುದು ಅವರ ಮನಸ್ಸಿನ ಆಶೆ. ಆದರೆ ಅದಕ್ಕೆ ಒಪ್ಪಿಗೆ ದೊರೆಯಲಿಲ್ಲ. ಪಂಚರ ಹಟವನ್ನು ಕೇವಲ ಸಂಕುಚಿತಬುದ್ಧಿಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ರಾಜ್ಯಗಳು ಬಿದ್ದು, ಅರಸುಮನೆತನಗಳು ಅಳಿದು, ಪ್ರಭುತ್ವವು ಕೈಯಿಂದ ಕೈಗೆ ಹೋದ ಕಾಲದಲ್ಲಿಯೂ ಈ ಓಲೆಗಳನ್ನು ಕಳೆಯದೆ ಉಳಿಸಿದವರು ಅವರ ಹಿರಿಯರೇ. ಇತರ ಸ್ಥಳಗಳಲ್ಲಿ ಕಳೆದುಹೋದುದು ಇಲ್ಲಿ ಉಳಿದುದಕ್ಕೆ ಅವರ ಬೀಗವೂ ಒಂದು ಕಾರಣ. ಕಳ್ಳರ ಭಯವು ಕಾಲ್ಪನಿಕವಾದುದೂ ಅಲ್ಲ. ೨೦೧೩ರಲ್ಲಿ ಇದೇ ಸಿದ್ಧಾಂತ ಬಸದಿಯಿಂದ ಅಮೂಲ್ಯವಾದ ಪ್ರತಿಮೆಗಳು ಕಳವಾದುದನ್ನು ನಮ್ಮ ಸೀಮೆಯವರು ಮರೆತಿಲ್ಲ.

೫

ಹೀಗಿರಲು, ಗಜಪತಿ ಉಪಾಧ್ಯಾಯರು ಹಗಲು ಪ್ರತಿಮಾಡುತ್ತಿದ್ದ ಗ್ರಂಥದ ಮತ್ತೊಂದು ಪ್ರತಿಯು ಅವರ ಮನೆಯಲ್ಲಿ ಗುಟ್ಟಾಗಿ ಬೆಳೆಯುತ್ತಿತ್ತು. ಅದು ಕನ್ನಡ ಲಿಪಿಯಲ್ಲಿತ್ತು. ಅದನ್ನು ಬರೆಯುವುದರಲ್ಲಿ ಅವರಿಗೆ ನೆರವಾದವರು ಅವರ ಪತ್ನಿ, ವಿದುಷಿ ಲಕ್ಷ್ಮೀಬಾಯಿ. ಮಲ್ಲಿಕಬ್ಬೆಯು ಎಲ್ಲರೂ ಕಾಣುವಂತೆ ಮಾಡಿಸಿ ಪುಣ್ಯವನ್ನು ಗಳಿಸಿದ ಕಾರ್ಯವನ್ನೇ ಲಕ್ಷ್ಮೀಬಾಯಿ ಯಾರೂ ಕಾಣದಂತೆ ಮಾಡಬೇಕಾಯಿತು. ಶತಮಾನಗಳಲ್ಲಿ ಗುಪ್ತಿಯ ಅರ್ಥವು ಎಷ್ಟು ತಿರುಗಿಹೋಗಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಕಾಗಿಲ್ಲ.

ಪ್ರತಿ ಸಿದ್ಧವಾದ ಮೇಲೆ ಉಪಾಧ್ಯಾಯರು ಅದನ್ನು ತೆಗೆದುಕೊಂಡು ಸೋಲಾಪುರಕ್ಕೆ ಹೋಗಿ, ತಕ್ಕ ದ್ರವ್ಯವನ್ನಿತ್ತು ಇದನ್ನು ಇರಿಸಿಕೊಳ್ಳಬೇಕೆಂದು ಹಿರಾಚಂದರನ್ನು ಕೇಳಿಕೊಂಡರು. ಯಾವ ಗ್ರಂಥದ ಪ್ರಚಾರಕ್ಕಾಗಿ ಅವರು ವರ್ಷಗಟ್ಟಲೆ ಶ್ರಮಪಟ್ಟಿದ್ದರೋ ಅದೇ ಗ್ರಂಥವು ಅವರ ಮನೆಬಾಗಿಲಿಗೆ ಬಂದು ನಿಂತಿತ್ತು. ಹಿರಾಚಂದರು ಅದನ್ನು ಸ್ವೀಕರಿಸಲಿಲ್ಲ. ಅಷ್ಟೇ ಅಲ್ಲದೆ, ಅದನ್ನು ಇರಿಸಿಕೊಳ್ಳಬೇಡಿರೆಂದು ಮಾಣಿಕಚಂದರಿಗೂ ಬರೆದರು. ಮೂಡಬಿದಿರೆಯವರಿಗೆ ಕೊಟ್ಟ ಮಾತೇ ಇದಕ್ಕೆ ಕಾರಣವೆಂದು ಪ್ರಸಿದ್ಧಿಯಿದೆ. ಈ ಚರಿತ್ರೆಯಲ್ಲೆಲ್ಲಾ ಇದಕ್ಕಿಂತ ಹೆಚ್ಚಾಗಿ ಮನಸ್ಸನ್ನು ಹಿಡಿಯುವ ಘಟನೆಯು ಬೇರೊಂದಿಲ್ಲವೆಂದು ನಮಗೆ ತೋರುತ್ತದೆ. ನಿಬಂಧನೆಯು ಸರಿಯಲ್ಲವೆಂದು ಹಿರಾಚಂದರು ಬಲ್ಲರು. ಅದನ್ನು ಸಡಿಲಿಸಲು ಪ್ರಯತ್ನಪಟ್ಟೂ ಇದ್ದರು. ಆದರೂ ಒಪ್ಪಿಕೊಂಡಿರುವವರೆಗೆ ಅದಕ್ಕೆ ತಾನು ಬದ್ಧನೆಂದು ಎಣಿಸಿದರು.

ಉಪಾಧ್ಯಾಯರು ಅಲ್ಲಿಂದ ಸಹಾರನಪುರಕ್ಕೆ ಹೋದರು. ಅಲ್ಲಿಯ ಶ್ರೀಮಂತರಾದ ಲಾಲಾ ಜಂಬೂಪ್ರಸಾದರು ಅವರನ್ನು ಸತ್ಕರಿಸಿ, ಪ್ರತಿಯನ್ನು ಪಡೆದು ತಮ್ಮ ಮಂದಿರದಲ್ಲಿ ಸ್ಥಾಪಿಸಿದರು. ಆದರೆ ಅದು ಕನ್ನಡ ಲಿಪಿಯಲ್ಲಿದ್ದುದರಿಂದ ಆ ದೇಶದವರಿಗೆ ಮತ್ತೊಂದು ಬಗೆಯ ದರ್ಶನವಸ್ತುವೇ ಆಯಿತು. ನಾಗರಿಗೆ ತಾವೇ ಇಳಿಸಿಕೊಡುವೆನೆಂದಿದ್ದ ಉಪಾಧ್ಯಾಯರಿಗೆ ಮನೆಯ ಕಷ್ಟಗಳ ದೆಸೆಯಿಂದ ಅದು ಸಾಧ್ಯವಾಗಲಿಲ್ಲ. ೧೯೧೬ರಿಂದ ೧೯೨೩ರವರೆಗೆ ವಿಜಯಚಂದ್ರಯ್ಯ ಮತ್ತು ಸೀತಾರಾಮ ಶಾಸ್ತ್ರಿಗಳೆಂಬ ಪಂಡಿತರು ಆ ಕೆಲಸವನ್ನು ಮಾಡಿದರು. ಆಗ ಮೂಡಬಿದಿರೆಯಲ್ಲಿ ನಡೆದುದೇ ಸಹಾರನಪುರದಲ್ಲಿಯೂ ನಡೆಯಿತು. ಒಡೆಯರಿಗೆ ಸಲ್ಲಬೇಕಾದ ಪ್ರತಿಯನ್ನು ಸಲ್ಲಿಸಿ, ಸೀತಾರಾಮ ಶಾಸ್ತ್ರಿಗಳು ಒಂದು ಪ್ರತಿಯನ್ನು ಮೆಲ್ಲನೆ ತಮ್ಮಲ್ಲಿಯೇ ಉಳಿಸಿಕೊಂಡರು. ಆ ಒಂದರಿಂದ ಪ್ರತಿಗೆ ಪ್ರತಿ ಹುಟ್ಟಿ, ಆರಾ, ಕಾರಂಜಾ, ಸಾಗರ, ದೆಹಲಿ, ಮುಂಬಯಿ ಮೊದಲಾದ ಊರುಗಳ ಭಂಡಾರಗಳನ್ನು ಸೇರಿದುವು. ಗುಟ್ಟಾಗಿ ಬಂದುದನ್ನು ಗುಟ್ಟಾಗಿ ಇರಿಸಿಕೊಳ್ಳುವುದು ದುಸ್ಸಾಧ್ಯವೆಂಬ ಲೋಕಾನುಭವಕ್ಕೆ ಇದು ಸಾಕ್ಷಿ.

೬

ಈ ಪ್ರತಿಗಳ ಆಧಾರದ ಮೇಲೆ ಪ್ರೊಫೆಸರ್ ಹೀರಾಲಾಲ ಜೈನರು ಅಮರಾವತಿಯಿಂದ ಧವಲಾಸಹಿತ ಷಟ್ಖಂಡಾಗಮದ ಮೊದಲನೆಯ ಸಂಪುಟವನ್ನು ೧೯೩೯ರಲ್ಲಿ ಪ್ರಕಟಿಸಿದರು. ಬೆಳಗಾವಿ ಜಿಲ್ಲೆಯ ಸದಲಗದಲ್ಲಿ ಹುಟ್ಟಿದ ಡಾಕ್ಟರ್ ಆ. ನೇ. ಉಪಾಧ್ಯೆಯವರು ಈ ಕಾರ್ಯದಲ್ಲಿ ಅವರಿಗೆ ನೆರವಾದರು. ಗ್ರಂಥವು ಬೆಳಕಿಗೆ ಬಂದಿತು. ಆದರೆ ಯಾವ ದಾರಿಯಿಂದ ಬಂದಿತೋ ಆ ದಾರಿಯ ಧೂಳೆಲ್ಲವನ್ನೂ ಹೊತ್ತು ಬಂದಿತು. ಹಳೆಗನ್ನಡದ ಓಲೆಯಿಂದ ಹೊಸಗನ್ನಡಕ್ಕೆ, ಹೊಸಗನ್ನಡದಿಂದ ನಾಗರಿಗೆ, ನಾಗರಿಯಿಂದ ಪ್ರತಿಯ ಪ್ರತಿಗೆ ಇಳಿಯುತ್ತ ಅಕ್ಷರಗಳು ಮಾರ್ಪಟ್ಟುವು, ಪದಗಳು ಬಿಟ್ಟುಹೋದುವು. ಮೂಲವನ್ನು ನೋಡಿ ತಿದ್ದೋಣವೆಂದರೆ ಮೂಲವು ಬೀಗದೊಳಗೆ.

ಇಂತಹ ಸ್ಖಾಲಿತ್ಯವು ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ಒಂದೇ ಉದಾಹರಣೆ ಸಾಕು. ಸತ್ಪ್ರರೂಪಣೆಯ ೯೩ನೆಯ ಸೂತ್ರವು ಮನುಷ್ಯಸ್ತ್ರೀಯರ ಗುಣಸ್ಥಾನಗಳನ್ನು ಕುರಿತದ್ದು. ಸಂಪಾದಕರಿಗೆ ದೊರೆತ ಪ್ರತಿಗಳಲ್ಲಿ ಅಲ್ಲಿ ‘ಸಂಜದ’ 'ಎಂದರೆ ಸಂಯತ' ಎಂಬ ಪದವು ಇರಲಿಲ್ಲ. ಟೀಕೆಯ ಅರ್ಥವನ್ನು ನೋಡಿದರೆ ಆ ಪದವು ಇರಲೇಬೇಕೆಂದು ಸಂಪಾದಕರು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಸಂಯತವೆಂಬುದು ಮುನಿಗಳ ಮಟ್ಟದ ಸಂಯಮವನ್ನು ಹೇಳುವ ಪದವಾದುದರಿಂದ, ಸ್ತ್ರೀಯರಿಗೆ ಮೋಕ್ಷಾಧಿಕಾರವುಂಟೋ ಇಲ್ಲವೋ ಎಂಬ ಪುರಾತನ ವಿವಾದದ ಎಳೆಯೇ ಅದರಲ್ಲಿ ಸಿಕ್ಕಿಕೊಂಡಿತು. ೧೯೪೦ರ ದಶಕದಲ್ಲಿ ಪಂಡಿತರು ಎರಡು ಪಕ್ಷವಾಗಿ ಆ ಒಂದು ಪದದ ಮೇಲೆ ತೀವ್ರವಾಗಿ ವಾದಿಸಿದರು. ಯುಕ್ತಿಗಳಿಂದ ತೀರದ ಈ ಪ್ರಶ್ನೆಯ ಪಾಠಾಂಶಕ್ಕೆ ಉತ್ತರವಿದ್ದುದು ಮೂಡಬಿದಿರೆಯ ಓಲೆಯಲ್ಲಿ. ಅದರೊಡನೆ ಹೋಲಿಸಿ ನೋಡಲಾಗಿ ಪದವು ಅಲ್ಲಿ ಇದ್ದೇ ಇದ್ದಿತು.

ಹಾಗೆ ಹೋಲಿಸುವುದು ಸಾಧ್ಯವಾದುದು ಹೇಗೆ? ಗ್ರಂಥವು ಅಚ್ಚಾಗಿ, ಅದರ ಸಂಪಾದನೆಯಲ್ಲಿದ್ದ ಭಕ್ತಿಯೂ ವಿದ್ವತ್ತೂ ಕಣ್ಣಿಗೆ ಕಂಡ ಮೇಲೆ, ಮೂಡಬಿದಿರೆಯವರು ಹಳೆಯ ಬಿಗಿಯನ್ನು ತಾವಾಗಿಯೇ ಸಡಿಲಿಸಿದರು. ಅಲ್ಲಿಯವರೇ ಆದ ಲೋಕನಾಥ ಶಾಸ್ತ್ರಿಗಳು ಓಲೆಗಳೊಡನೆ ಪಾಠವನ್ನು ಹೋಲಿಸಿ ಭೇದಗಳನ್ನು ಕಳುಹಿಸಿದರು. ಮುಂದಿನ ಸಂಪುಟಗಳಿಗೆ ಅದರಿಂದ ಮಹೋಪಕಾರವಾಯಿತು. ಗುಟ್ಟಾಗಿ ಹೊರಬೀಳದೆ ಉಳಿದಿದ್ದ ಮಹಾಬಂಧವಾದರೋ, ಪಾಲಕರ ಒಪ್ಪಿಗೆಯಿಂದಲೇ ಹೊರಬಂದು, ಸುಮೇರುಚಂದ್ರ ದಿವಾಕರರ ಸಂಪಾದಕತ್ವದಲ್ಲಿ ಭಾರತೀಯ ಜ್ಞಾನಪೀಠದಿಂದ ೧೯೪೭ರಲ್ಲಿ ಅಚ್ಚಾಗತೊಡಗಿತು. ಮರುವರ್ಷ, ೧೯೪೮ರಲ್ಲಿ, ಅದೇ ಸಂಸ್ಥೆಯು ವಿದ್ಯಾಭೂಷಣ ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿದ ಕನ್ನಡಪ್ರಾಂತದ ತಾಡಪತ್ರಗ್ರಂಥಗಳ ಸೂಚಿಯನ್ನು ಪ್ರಕಟಿಸಿತು. ಮೂಡಬಿದಿರೆ, ಕಾರ್ಕಳ, ಅಳಿಯೂರುಗಳ ಭಂಡಾರಗಳಲ್ಲಿ ಏನೇನಿದೆಯೆಂಬುದು ಅದರಿಂದ ಎಲ್ಲರಿಗೂ ತಿಳಿಯುವಂತಾಯಿತು. ಓಲೆಗಳಾದರೋ ತಮ್ಮ ಸ್ಥಳದಲ್ಲಿಯೇ ಉಳಿದುವು. ಪಂಚರ ಭಯವಿದ್ದುದು ಓಲೆಗಳು ಹೋದಾವೆಂದು. ಹೋದುದು ಅಕ್ಷರಗಳು ಮಾತ್ರ. ಅಕ್ಷರವು ಹೋಗುವುದರಿಂದ ಕಡಿಮೆಯಾಗುವ ವಸ್ತುವಲ್ಲ.

೭

ಈಗ ಮೊದಲು ಎತ್ತಿದ ಪ್ರಶ್ನೆಗೆ ಬರೋಣ. ಗಜಪತಿ ಉಪಾಧ್ಯಾಯರು ಮಾಡಿದುದು ತಪ್ಪೋ ಸರಿಯೋ? ಅವರಿಲ್ಲದಿದ್ದರೆ ೧೯೩೯ರ ಸಂಪುಟವು ಆಗ ಹೊರಡುತ್ತಿರಲಿಲ್ಲ; ಅದು ಹೊರಡದಿದ್ದರೆ ಮೂಡಬಿದಿರೆಯವರ ಮನಸ್ಸು ಆಗ ತಿರುಗುತ್ತಿತ್ತೆಂದು ಹೇಳಲಾಗುವುದಿಲ್ಲ. ಆದುದರಿಂದ ವಿದ್ವಲ್ಲೋಕವು ಆ ದಂಪತಿಗಳಿಗೆ ಋಣಿಯಾಗಿದೆ. ಆದರೆ ಫಲವು ಒಳ್ಳೆಯದಾದ ಮಾತ್ರಕ್ಕೆ ವಿಶ್ವಾಸಭಂಗವು ವಿಶ್ವಾಸಭಂಗವಲ್ಲವೆಂದಾಗದು. ಒಪ್ಪಿಕೊಂಡ ಕೆಲಸದ ಮರೆಯಲ್ಲಿ, ಒಪ್ಪದಿದ್ದುದನ್ನು ಅವರು ಮಾಡಿದರು. ಪ್ರತಿಯನ್ನು ದ್ರವ್ಯಕ್ಕೆ ಕೊಟ್ಟರು. ಲಿಪಿಕಾರನನ್ನು ನಂಬುವಂತಿಲ್ಲವೆಂದು ಪಂಚರು ಅಂದುಕೊಂಡಿದ್ದರೆ ಆ ಶಂಕೆಯನ್ನು ಅವರು ನಿಜಮಾಡಿ ತೋರಿಸಿದಂತಾಯಿತು. ಹಿರಾಚಂದರ ನಿರಾಕರಣೆಯನ್ನು ಪಕ್ಕದಲ್ಲಿಟ್ಟು ನೋಡಿದಾಗ ಈ ದೋಷವು ಎದ್ದು ಕಾಣುವುದು.

ಆದರೆ ದೋಷವೆಲ್ಲವೂ ಲಿಪಿಕಾರನದೇ ಅಲ್ಲ. ಕಾಯುವವರು ಎರಡು ಪ್ರಶ್ನೆಗಳಿಗೆ ಸದಾ ಉತ್ತರವನ್ನು ಸಿದ್ಧವಾಗಿಟ್ಟುಕೊಂಡಿರಬೇಕು: ಯಾತಕ್ಕಾಗಿ ಕಾಯುತ್ತಿದ್ದೇವೆ? ಎಲ್ಲಿಯವರೆಗೆ ಕಾಯಬೇಕು? ನೇಮಿಚಂದ್ರರಲ್ಲಿ ಈ ಉತ್ತರವಿತ್ತು; ಆದುದರಿಂದಲೇ ಗೊಮ್ಮಟಸಾರವು ಹುಟ್ಟಿತು. ನಂತರದವರಲ್ಲಿ ಕಾಪು ಉಳಿಯಿತು, ಕಾರಣವು ಮರೆತುಹೋಯಿತು. ನ್ಯಾಯವಾದ ದಾರಿಯನ್ನು ಪೂರ್ತಿಯಾಗಿ ಮುಚ್ಚಿದಲ್ಲಿ ಅನ್ಯಾಯದ ದಾರಿಯು ತೆರೆಯುವುದು. ಹಾಗೆ ತೆರೆದ ದಾರಿಯಿಂದ ಹೋದುದು ಅಂಗಹೀನವಾಗಿ ಹೋಗುವುದು. ‘ಸಂಜದ’ವೆಂಬ ಒಂದು ಪದದ ಲೋಪವು ಎಷ್ಟು ಕಲಹಕ್ಕೆ ಎಡೆಗೊಟ್ಟಿತೆಂಬುದನ್ನು ಮೇಲೆ ನೋಡಿದ್ದೇವೆ. ಮೂಲದ ಪಾಲಕರೇ ಎದ್ದು ಸಾಕ್ಷಿ ನುಡಿದಾಗ ಮಾತ್ರ ಅದು ಸರಿಹೋಯಿತು. ಕದ್ದ ಪ್ರತಿಯು ಗ್ರಂಥವನ್ನು ಪ್ರಸಿದ್ಧಗೊಳಿಸಿತು. ಶುದ್ಧಗೊಳಿಸಿದುದು ಕೊಟ್ಟ ಒಪ್ಪಿಗೆ.

ನಮ್ಮ ಕಾಲದ ಶಾಸನಗಳೂ ಬಹುದೂರ ಸುತ್ತಿ ಇದೇ ತತ್ತ್ವಕ್ಕೆ ಬಂದಿರುವುದು ಕುತೂಹಲಕರವಾಗಿದೆ. ಬ್ರಿಟಿಷರ ಆಳ್ವಿಕೆಯಲ್ಲಿ ೧೮೮೯ರಲ್ಲಿ ಹುಟ್ಟಿ ೧೯೨೩ರಲ್ಲಿ ಹೊಸ ರೂಪವನ್ನು ತಳೆದ ಸರಕಾರಿ ರಹಸ್ಯಗಳ ಅಧಿನಿಯಮವು ಹೊರಗೆಡಹಿದವನ ದಂಡನೆಯನ್ನೇ ಮುಖ್ಯವಾಗಿ ಎಣಿಸಿತು. ೨೦೦೫ರ ಮಾಹಿತಿ ಹಕ್ಕಿನ ಅಧಿನಿಯಮವು ಭಾರವನ್ನು ತಿರುಗಿಸಿ ಕಾಯುವವನ ಮೇಲೆಯೂ ಹೊರಿಸಿತು. ವಿಷಯವನ್ನು ಕೊಡದಿರುವುದಕ್ಕೆ ಸಲ್ಲುವ ಕಾರಣಗಳು ಇಂತಿಂತಹವೆಂದು ಅದರ ಎಂಟನೆಯ ಪ್ರಕರಣದಲ್ಲಿ ಹತ್ತು ಬಾಬುಗಳಾಗಿ ಎಣಿಸಿದೆ. ಇಪ್ಪತ್ತು ವರ್ಷ ಕಳೆದ ವಿಷಯಗಳಿಗೆ ಅವುಗಳಲ್ಲಿ ಕೆಲವನ್ನುಳಿದು ಮಿಕ್ಕವು ಸಲ್ಲವೆಂದೂ ವಿಧಿಸಿದೆ. ಕಾರಣವನ್ನು ಹೇಳಬೇಕು, ಕಾಲದ ಎಲ್ಲೆಯಿರಬೇಕು: ಮೂಡಬಿದಿರೆಯ ಓಲೆಗಳು ಕಲಿಸಿದುದೂ ಇಷ್ಟೆ.

ಬಜಗೋಳಿಯಂತಹ ಪೇಟೆಯಲ್ಲಿಯೂ ಅಂಚೆಮನೆ, ಸಹಕಾರಿ ಸಂಘ, ಔಷಧಾಲಯ, ಪಂಚಾಯತಿ ಎಲ್ಲೆಡೆಯಲ್ಲಿಯೂ ಒಬ್ಬರ ವಿಷಯವು ಮತ್ತೊಬ್ಬರ ಕೈಯಲ್ಲಿ ನಂಬಿಕೆಯಿಂದ ಇರುತ್ತದೆ. ಸಾಲಗಾರನ ಲೆಕ್ಕವನ್ನೂ ರೋಗಿಯ ವ್ಯಾಧಿಯನ್ನೂ ಹೊರಗೆ ಆಡದಿರುವುದು ಆ ಮನುಷ್ಯನ ರಕ್ಷಣೆಗಾಗಿ. ಅಲ್ಲಿ ಗುಪ್ತಿಯು ತನ್ನ ಮೂಲಾರ್ಥದಲ್ಲಿಯೇ ಇದೆ. ಊರಿಗೆಲ್ಲ ಸೇರಿದ ಕಡತವನ್ನು ಕಾರಣವಿಲ್ಲದೆ ಅದೇ ಬೀಗದೊಳಗಿಟ್ಟರೆ, ಮುಚ್ಚುವುದನ್ನೇ ರಕ್ಷಣೆಯೆಂದು ಭ್ರಮಿಸಿದಂತಾಗುವುದು. ಬೀಗದ ಕೈಯನ್ನು ಹಿಡಿದವರು ಈ ಎರಡನ್ನೂ ಬೇರೆಮಾಡಿ ತಿಳಿಯಲು ನಮ್ಮ ಸೀಮೆಯ ಈ ಹಳೆಯ ವೃತ್ತಾಂತವು ಕಿಂಚಿತ್ತಾದರೂ ನೆರವಾದರೆ, ಇದನ್ನು ಇಲ್ಲಿ ಸಂಗ್ರಹಿಸಿದ ಶ್ರಮವು ಸಾರ್ಥಕವಾಗುವುದು.